ಹಬ್ಬದ ಖರ್ಚು, ಸುಂಕದ ಮಾಫಿ: ಬೇಲೂರು ಸೀಮೆಯ ಲೆಕ್ಕದ ಚರಿತ್ರೆ

ದುಡಿಯುವವರೊಡನೆ ವರ್ಷಕ್ಕೊಮ್ಮೆ ಹಬ್ಬ ಮಾಡುವ ಖರ್ಚನ್ನು ಯಾರು ಹೊರಬೇಕು, ಆ ಖರ್ಚಿಗೆ ಸರ್ಕಾರ ತೆರಿಗೆ ಬಿಡಬೇಕೆ, ಬಿಟ್ಟರೆ ಎಷ್ಟು ಎಂಬ ಪ್ರಶ್ನೆಗಳು ಬೇಲೂರು, ಹಳೇಬೀಡು, ಅರಸೀಕೆರೆಗಳ ಸೀಮೆಗೆ ಹೊಸವಲ್ಲ. ಹೊಯ್ಸಳರ ಕಾಲದಲ್ಲಿ ಅವಕ್ಕೆ ಉತ್ತರವನ್ನು ಕಲ್ಲಿನ ಮೇಲೆ ಬರೆದರು. ಮೈಸೂರು ಸಂಸ್ಥಾನದಲ್ಲಿ ಅದು ಇನಾಮು ಮತ್ತು ತಸ್ತೀಕಿನ ದಫ್ತರಕ್ಕೆ ಹೋಯಿತು. ಸ್ವಾತಂತ್ರ್ಯದ ನಂತರ ಬೋನಸ್ ಕಾಯಿದೆಗೂ ಆದಾಯ ತೆರಿಗೆ ಕಾಯಿದೆಗೂ ಸೇರಿತು. ಆಳುವವರು, ನಾಣ್ಯ, ಕಾನೂನು ಎಲ್ಲವೂ ಬದಲಾದರೂ ಮೂರು ಷರತ್ತುಗಳು ಮಾತ್ರ ಉಳಿದುಕೊಂಡು ಬಂದಿವೆ: ಖರ್ಚಿನ ಉದ್ದೇಶ ಸ್ಪಷ್ಟವಾಗಿರಬೇಕು, ಅದಕ್ಕೊಂದು ಮಿತಿ ಇರಬೇಕು, ಅದರ ಲೆಕ್ಕ ಬರಹದಲ್ಲಿರಬೇಕು.

ದೇವಾಲಯವೆಂಬ ಧಣಿ

ಯಗಚಿ ಹೊಳೆಯ ದಡದ ಬೇಲೂರಿನಲ್ಲಿ ಚೆನ್ನಕೇಶವ ದೇವಾಲಯದ ಪ್ರತಿಷ್ಠೆ ನಡೆದದ್ದು 1117ರಲ್ಲಿ. ತಲಕಾಡಿನಲ್ಲಿ ಚೋಳರ ಆಳ್ವಿಕೆಯನ್ನು ಕೊನೆಗೊಳಿಸಿದ ವಿಷ್ಣುವರ್ಧನನು ಇಲ್ಲಿ ವಿಜಯನಾರಾಯಣನನ್ನು ಸ್ಥಾಪಿಸಿದನು. ಪಟ್ಟಮಹಿಷಿ ಶಾಂತಲಾದೇವಿ ಅದೇ ಆವರಣದಲ್ಲಿ ಕಪ್ಪೆ ಚೆನ್ನಿಗರಾಯನ ಗುಡಿ ಕಟ್ಟಿಸಿದಳು. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೆ ಹೆಸರು ಕೊರೆದಿದ್ದಾರೆ. ಕಟ್ಟಡ ಮುಗಿದ ಮೇಲೆ ಶಿಲ್ಪಿಗಳು ಬೇರೆ ಊರಿಗೆ ಹೊರಟುಹೋದರು. ದೇವಾಲಯವನ್ನು ನಿತ್ಯ ನಡೆಸುವವರು ಮಾತ್ರ ಇಲ್ಲಿಯೇ ಉಳಿದರು. ಪೂಜೆಯ ನಂಬಿಗಳು, ಪರಿಚಾರಕರು, ಅಡುಗೆಯವರು, ಮಾಲೆಗಾರರು, ನೀರು ಹೊರುವವರು, ಮದ್ದಳೆ ಮತ್ತು ಕಹಳೆಯವರು, ಹಾಡುವವರು, ಕುಣಿಯುವ ಪಾತ್ರದವರು, ಕಾವಲಿನವರು, ಲೆಕ್ಕ ಬರೆಯುವ ಸೇನಬೋವ: ಹೊಯ್ಸಳ ನಾಡಿನ ದೊಡ್ಡ ದೇವಾಲಯವೊಂದು ಇಷ್ಟು ಜನಕ್ಕೆ ಕೆಲಸ ಕೊಡುತ್ತಿತ್ತು.

ಇವರಿಗೆ ಕೂಲಿ ಬರುತ್ತಿದ್ದುದು ಎರಡು ದಾರಿಯಲ್ಲಿ. ಹುದ್ದೆಗೆ ಹೊಂದಿಕೊಂಡ ಭೂಮಿ, ಅಂದರೆ ವೃತ್ತಿ ಅಥವಾ ಉಂಬಳಿ, ಮೊದಲನೆಯದು. ದೇವರ ಅಡುಗೆಮನೆಯಿಂದ ದಿನವೂ ಸಲ್ಲುವ ಅನ್ನದ ಪಾಲು ಎರಡನೆಯದು. ಇಮ್ಮಡಿ ವೀರಬಲ್ಲಾಳನ ಕಾಲದಲ್ಲಿ ಬೇಲೂರಿನ ಆವರಣಕ್ಕೆ ಪಾಕಶಾಲೆ, ಉಗ್ರಾಣ, ಪುಷ್ಕರಣಿಗಳು ಸೇರಿದವು. ಅಕ್ಕಿ, ಬೇಳೆ, ತುಪ್ಪ, ಎಣ್ಣೆ ಬಂದು ಸಂಗ್ರಹವಾಗುವ, ಅಳತೆ ಮಾಡಿ ಹೊರಗೆ ಹೋಗುವ ಜಾಗ ಉಗ್ರಾಣ. ದೇವಾಲಯದ ಲೆಕ್ಕವೆಲ್ಲ ನಿಂತಿದ್ದುದು ಈ ಅಳತೆಯ ಮೇಲೆ.

ಹಬ್ಬದ ದಿನಗಳಲ್ಲಿ ಕೆಲಸವೂ ಹೆಚ್ಚು, ಬಾಯಿಗಳೂ ಹೆಚ್ಚು. ವಸಂತದ ಉತ್ಸವಕ್ಕೆ ಮಾಮೂಲು ದಿನಕ್ಕಿಂತ ಹಲವು ಪಟ್ಟು ಹೂವು, ದೀಪದೆಣ್ಣೆ, ಅಕ್ಕಿ ಬೇಕು. ಬೇಲೂರಿನಲ್ಲಿ ಚೈತ್ರದ ರಥೋತ್ಸವ ಈಗಲೂ ಸುತ್ತಲಿನ ಹಳ್ಳಿಗಳನ್ನು ಊರಿಗೆ ಕರೆತರುತ್ತದೆ. ಹೊಯ್ಸಳ ಶಾಸನಗಳಲ್ಲಿ ಈ ಹೆಚ್ಚುವರಿ ಖರ್ಚಿಗೆ ಪ್ರತ್ಯೇಕ ಬಾಬ್ತು ಇದೆ. ಅಂಗಭೋಗ, ರಂಗಭೋಗ, ಅಮೃತಪಡಿ, ನಂದಾದೀವಿಗೆ, ಖಂಡಸ್ಫುಟಿತ ಜೀರ್ಣೋದ್ಧಾರಗಳ ಜೊತೆಯಲ್ಲಿ ಚೈತ್ರಪವಿತ್ರ ಎಂಬ ಹೆಸರು ಮತ್ತೆ ಮತ್ತೆ ಬರುತ್ತದೆ. ಮೊದಲ ಎರಡು ದೇವರ ಉಪಚಾರಕ್ಕೂ ಹಾಡು ಕುಣಿತಗಳಿಗೂ ಸಂಬಂಧಿಸಿದವು. ಕೊನೆಯದು ವಸಂತೋತ್ಸವ ಮತ್ತು ಪವಿತ್ರಾರೋಪಣದ ಖರ್ಚು. ನಿತ್ಯದ ಖರ್ಚು, ದುರಸ್ತಿಯ ಖರ್ಚು, ಹಬ್ಬದ ಖರ್ಚು ಎಂದು ವಿಂಗಡಿಸಿ ಒಂದೊಂದಕ್ಕೂ ಆದಾಯದ ಮೂಲವನ್ನು ಗೊತ್ತುಮಾಡುವ ಈ ಕ್ರಮವೇ ಆ ಕಾಲದ ಮುಂಗಡಪತ್ರ.

ಬಿಟ್ಟ ಸುಂಕ, ಎತ್ತಿಟ್ಟ ಸುಂಕ

ಈ ಬಾಬ್ತುಗಳಿಗೆ ಹಣ ಬರಬೇಕಾದರೆ ಅರಸನು ತನ್ನ ಆದಾಯದ ಒಂದು ಭಾಗವನ್ನು ಬಿಡಬೇಕಿತ್ತು. ಹೊಯ್ಸಳರ ತೆರಿಗೆಗಳ ಪಟ್ಟಿ ಉದ್ದವಾದದ್ದು. ಭೂಮಿಯ ಮೇಲೆ ನಿಗದಿಯಾದ ಸಿದ್ಧಾಯ, ಮನೆಗೆ ಮನೆದೆರೆ, ಎಣ್ಣೆಯ ಗಾಣಕ್ಕೆ ಗಾಣದೆರೆ, ನೇಯುವ ಮಗ್ಗಕ್ಕೆ ಮಗ್ಗದೆರೆ, ಸರಕಿನ ಮೇಲೆ ಸುಂಕ. ಸುಂಕದೊಳಗೆ ಮತ್ತೆ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆಗಳೆಂಬ ಭೇದಗಳು. ಹತ್ತು ಪಣಕ್ಕೆ ಒಂದು ಗದ್ಯಾಣ. ಪಣದ ಕಾಲು ಭಾಗ ಹಾಗ, ಹದಿನಾರನೆಯ ಭಾಗ ವೀಸ. ಸಣ್ಣ ವ್ಯಾಪಾರಿಯ ತೆರಿಗೆ ಹಾಗ, ವೀಸಗಳಲ್ಲಿ ಮುಗಿಯುತ್ತಿತ್ತು. ಹಳ್ಳಿಯ ಸಿದ್ಧಾಯಕ್ಕೆ ಗದ್ಯಾಣ ಬೇಕಿತ್ತು.

ಬಿಡುವ ಕ್ರಮದಲ್ಲಿ ಎರಡು ಬಗೆ. ಹಳ್ಳಿಯನ್ನೋ ಗದ್ದೆ ಬೆದ್ದಲುಗಳನ್ನೋ ಸರ್ವನಮಸ್ಯವಾಗಿ, ಸರ್ವಬಾಧಾ ಪರಿಹಾರವಾಗಿ ಧಾರೆ ಎರೆದು ಕೊಡುವುದು ಒಂದು. ಹಾಗೆ ಕೊಟ್ಟ ಮೇಲೆ ಅರಮನೆಯ ಅಧಿಕಾರಿ ಆ ಭೂಮಿಯಲ್ಲಿ ತೆರಿಗೆ ಎತ್ತುವಂತಿಲ್ಲ. ಇನ್ನೊಂದು ಬಗೆಯಲ್ಲಿ ತೆರಿಗೆ ರದ್ದಾಗುವುದಿಲ್ಲ, ವಸೂಲಾಗಿ ದೇವಾಲಯದ ಕಡೆಗೆ ತಿರುಗುತ್ತದೆ. ಸುಂಕದ ಅಧಿಕಾರಿಗಳು ಒಂದು ಊರಿನ ಗಾಣದೆರೆಯನ್ನು ನಂದಾದೀವಿಗೆಯ ಎಣ್ಣೆಗೆ ಬಿಟ್ಟಾಗ ಗಾಣಿಗನು ಕೊಡುವುದು ಅಷ್ಟೇ, ಅದು ಸೇರುವ ಜಾಗ ಮಾತ್ರ ಬೇರೆ.

ಮೂರನೆಯ ಮೂಲ ವ್ಯಾಪಾರಿಗಳದು. ಐಯಾವೊಳೆಯ ಐನೂರ್ವರು, ಉಭಯನಾನಾದೇಶಿಗಳು, ಮುಮ್ಮುರಿದಂಡ ಎಂದು ಶಾಸನಗಳಲ್ಲಿ ಕಾಣುವ ವರ್ತಕ ಸಂಘಗಳು ತಮ್ಮ ಸರಕಿನ ಮೇಲೆ ತಾವೇ ಒಂದು ಸಣ್ಣ ಪಾಲನ್ನು ಕಟ್ಟಿಕೊಳ್ಳುತ್ತಿದ್ದವು. ಎಲೆಯ ಹೇರಿಗೆ ಇಷ್ಟು ಎಲೆ, ಅಡಕೆಯ ಹೇರಿಗೆ ಇಷ್ಟು ಅಡಕೆ, ಗಾಣಕ್ಕೆ ಒಂದು ಸೊಲ್ಲಿಗೆ ಎಣ್ಣೆ, ಅಂಗಡಿಗೆ ಇಷ್ಟು ವೀಸ. ದೋರಸಮುದ್ರ ರಾಜಧಾನಿಯಾಗಿ ಬೆಳೆದಂತೆ ವ್ಯಾಪಾರವೂ ಬೆಳೆಯಿತು. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯ ಅರಸನ ಅಧಿಕಾರಿ ಕೇತಮಲ್ಲನ ಹೆಸರಿನೊಡನೆ 1121ರ ಶಾಸನದಲ್ಲಿ ಕಾಣಿಸುತ್ತದೆ. ಅರಸೀಕೆರೆಯಲ್ಲಿ 1220ರಲ್ಲಿ ಇಮ್ಮಡಿ ಬಲ್ಲಾಳನ ಮಂತ್ರಿ ರೇಚರಸನು ಸಹಸ್ರಕೂಟ ಜಿನಾಲಯವನ್ನು ಮಾಡಿಸಿದನು. ಇಂಥ ಊರುಗಳ ದೇವಾಲಯಗಳು ಅರಸನ ದತ್ತಿಯ ಜೊತೆಗೆ ಸಂತೆ ಮತ್ತು ಅಂಗಡಿಯ ಪಾಲಿನಿಂದಲೂ ನಡೆದವು. ವ್ಯಾಪಾರಿಗೆ ಇದು ಭಾರವಾಗದಂತೆ ಇದ್ದುದಕ್ಕೆ ಕಾರಣ ಪಾಲು ಸರಕಿಗೆ ತಕ್ಕಂತೆ ಇದ್ದುದು. ವ್ಯಾಪಾರ ಕಡಿಮೆಯಾದ ವರ್ಷ ಪಾಲೂ ತಾನಾಗಿ ಕಡಿಮೆಯಾಗುತ್ತಿತ್ತು.

ಬಿಟ್ಟ ತೆರಿಗೆ ಬಿಟ್ಟ ಉದ್ದೇಶಕ್ಕೇ ಸಲ್ಲಬೇಕೆಂಬುದು ಈ ಬರಹಗಳಲ್ಲೆಲ್ಲ ಗಟ್ಟಿಯಾಗಿದೆ. ದತ್ತಿಯ ಎಲ್ಲೆ, ಅಳತೆ, ಸಾಕ್ಷಿಗಳ ಹೆಸರು, ನೋಡಿಕೊಳ್ಳುವ ಸ್ಥಾನಿಕರ ಹೆಸರು ಬಂದ ಮೇಲೆ ಕೊನೆಯಲ್ಲಿ ಧರ್ಮವನ್ನು ಅಳಿದವರಿಗೆ ಶಾಪ ಬರುತ್ತದೆ. ಬಿ.ಎಲ್. ರೈಸ್ 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕಾದ ಐದನೆಯ ಸಂಪುಟದಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಪ್ರಕಟಿಸಿದರು. ಪರಿಷ್ಕೃತ ಆವೃತ್ತಿಯಲ್ಲಿ ಬೇಲೂರು ತಾಲ್ಲೂಕಿಗೆ ಒಂಬತ್ತನೆಯ ಸಂಪುಟ ಮೀಸಲಾಗಿದೆ. ದೇವಾಲಯದ ದುಡಿಮೆಗಾರರ ಊಟ, ಹಬ್ಬ, ಕೂಲಿಗಳ ಚರಿತ್ರೆ ಬರೆಯುವವರಿಗೆ ಈ ಸಂಪುಟಗಳೇ ಮೊದಲ ಆಧಾರ.

ವಿಜಯನಗರದಿಂದ ಮುಜರಾಯಿಯವರೆಗೆ

ಹೊಯ್ಸಳರ ನಂತರದ ದಾಳಿಯಲ್ಲಿ ಬೇಲೂರಿನ ಮಹಾದ್ವಾರ ಸುಟ್ಟುಹೋಯಿತು. ವಿಜಯನಗರದ ಎರಡನೆಯ ಹರಿಹರನ ದಂಡನಾಯಕ ಗುಂಡನು 1397ರಲ್ಲಿ ಗೋಪುರವನ್ನು ಮತ್ತೆ ಕಟ್ಟಿಸಿದನು. ಹೊಸ ಅರಸರು ಹಳೆಯ ದತ್ತಿಗಳನ್ನು ಊರ್ಜಿತಗೊಳಿಸುವುದು ಆಗ ಆಳ್ವಿಕೆಯ ಮರ್ಯಾದೆಯೇ ಆಗಿತ್ತು.

ಮನೆಯ ಸಂಭ್ರಮಕ್ಕೂ ತೆರಿಗೆ ತಗಲುತ್ತಿದ್ದ ಕಾಲ ಅದು. ಮದುವೆಗೆ ಸುಂಕ ಕಟ್ಟಬೇಕಿತ್ತು. ಕೃಷ್ಣದೇವರಾಯನ ಕಾಲದಲ್ಲಿ ಹಲವು ಸೀಮೆಗಳಲ್ಲಿ ಮದುವೆಯ ಸುಂಕವನ್ನು ತೆಗೆದುಹಾಕಿದರೆಂದು ಶಾಸನಗಳು ಹೇಳುತ್ತವೆ. ಸದಾಶಿವರಾಯನ ಆಳ್ವಿಕೆಯಲ್ಲಿ, 16ನೆಯ ಶತಮಾನದ ನಡುವೆ, ಅಳಿಯ ರಾಮರಾಯನ ಕ್ಷೌರಿಕ ಕೊಂಡೋಜನ ಸೇವೆಗೆ ಮೆಚ್ಚಿ ಕ್ಷೌರಿಕರ ಮೇಲಿನ ತೆರಿಗೆಗಳನ್ನು ಬಿಟ್ಟರು. ಅದನ್ನು ಸಾರುವ ಶಾಸನಗಳು ಕನ್ನಡ ನಾಡಿನ ಹಲವೆಡೆ ನಿಂತವು. ಒಂದು ಕಸುಬಿನ ಎಲ್ಲರಿಗೂ ಒಟ್ಟಾಗಿ ಕೊಟ್ಟ ವಿನಾಯಿತಿಗೆ ಇದು ಒಳ್ಳೆಯ ನಿದರ್ಶನ.

ಮೈಸೂರು ಸಂಸ್ಥಾನದಲ್ಲಿ ದೇವಾಲಯದ ಭೂಮಿ ಇನಾಮು ಎನಿಸಿಕೊಂಡಿತು. 19ನೆಯ ಶತಮಾನದಲ್ಲಿ ಹಲವು ದೇವಾಲಯಗಳಿಗೆ ಭೂಮಿಯ ಬದಲು ಸರ್ಕಾರದ ಖಜಾನೆಯಿಂದ ವರ್ಷಕ್ಕಿಷ್ಟು ಎಂದು ತಸ್ತೀಕು ಬರತೊಡಗಿತು. ಉಗ್ರಾಣಕ್ಕೆ ಧಾನ್ಯ ಬರುತ್ತಿದ್ದ ಕಡೆ ದಫ್ತರದಿಂದ ರೂಪಾಯಿ ಬಂದಿತು. 1927ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಸಂಸ್ಥೆಗಳ ಕಾಯಿದೆ ಮುಜರಾಯಿ ಆಡಳಿತಕ್ಕೆ ಕಾನೂನಿನ ಚೌಕಟ್ಟು ಕೊಟ್ಟಿತು. 1955ರ ಮೈಸೂರು ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದತಿ ಕಾಯಿದೆ ಬಂದ ಮೇಲೆ ಇನಾಮು ಭೂಮಿ ಸರ್ಕಾರದಲ್ಲಿ ವಿಲೀನವಾಯಿತು, ತಸ್ತೀಕು ಉಳಿಯಿತು. ಭೂಮಿಯ ಫಸಲು ಬೆಲೆಯೊಡನೆ ಏರುತ್ತದೆ, ನಿಗದಿಯಾದ ಹಣ ಏರುವುದಿಲ್ಲ. ಅಕ್ಕಿಯ ಬೆಲೆ ಏರಿದಾಗೆಲ್ಲ ಹಬ್ಬದ ಖರ್ಚಿನ ಹೆಚ್ಚಿನ ಭಾಗ ಭಕ್ತರ ಕಾಣಿಕೆಯ ಮೇಲೆ ಬಿತ್ತು. ಹಬ್ಬಕ್ಕೆಂದು ಎತ್ತಿಟ್ಟ ನಿಧಿಯ ಅಂಕಿಯನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಸ್ತೀಕಿನ ಕಥೆಯೇ ಸಾಕ್ಷಿ.

ಕಾಫಿ ತೋಟದ ಬಟವಾಡೆ

ದೇವಾಲಯದ ನಂತರ ಈ ಸೀಮೆಯಲ್ಲಿ ನೂರಾರು ಜನರನ್ನು ಒಂದೇ ಕಡೆ ದುಡಿಸಿದ್ದು ಕಾಫಿ ತೋಟ. ಮಂಜರಾಬಾದಿನಲ್ಲಿ ಫ್ರೆಡರಿಕ್ ಗ್ರೀನ್ 1843ರಲ್ಲಿ ತೋಟ ತೆರೆದನು. ರಾಬರ್ಟ್ ಎಲಿಯಟ್ 1856ರಲ್ಲಿ ಬಂದು ತೋಟ ಮಾಡಿ, ಮೈಸೂರಿನ ಕಾಡಿನಲ್ಲಿ ಪ್ಲಾಂಟರನಾಗಿ ಕಂಡದ್ದನ್ನು 1871ರಲ್ಲಿ ಪುಸ್ತಕವಾಗಿ ಬರೆದನು. ಬೇಲೂರು ತಾಲ್ಲೂಕಿನ ಪಶ್ಚಿಮದ ಹೋಬಳಿಗಳು ಈ ಮಲೆನಾಡಿಗೇ ಸೇರಿದವು.

ತೋಟದಲ್ಲಿ ವೃತ್ತಿಯೂ ಇಲ್ಲ, ಪ್ರಸಾದದ ಪಾಲೂ ಇಲ್ಲ. ಮೇಸ್ತ್ರಿ ಆಳುಗಳನ್ನು ಕರೆತರುತ್ತಾನೆ, ರೈಟರು ಚೆಕ್‌ರೋಲಿನಲ್ಲಿ ಹಾಜರಿ ಬರೆಯುತ್ತಾನೆ, ಬಟವಾಡೆಯ ದಿನ ಹಣ ಕೈಗೆ ಬರುತ್ತದೆ, ಮರುದಿನ ಸಂತೆ. ಹಬ್ಬ ಇಲ್ಲಿ ಕೂಲಿಯಿಂದ ಬೇರೆಯಾದ ಸಂಗತಿಯಾಯಿತು. ಆಯುಧ ಪೂಜೆಯಂದು ಪಲ್ಪರ್, ಕತ್ತಿ, ಗುದ್ದಲಿ, ಜೀಪುಗಳಿಗೆ ಪೂಜೆ, ಲೈನ್ ಮನೆಯವರಿಗೆ ಸಿಹಿ, ಬಟ್ಟೆ, ಕೈಗಿಷ್ಟು ಇನಾಮು. ಕೊಯ್ಲು ಮುಗಿದಾಗ ಊಟ. ಯೂರೋಪಿಯನ್ ಪ್ಲಾಂಟರ ಹಬ್ಬ ಕ್ರಿಸ್‌ಮಸ್. ಅದು ಬರುವುದು ಅರೇಬಿಕಾ ಹಣ್ಣಿನ ಕೊಯ್ಲಿನ ನಡುವೆ, ಆಳುಗಳು ಹೆಚ್ಚಾಗಿ ಬೇಕಾದ ಕಾಲದಲ್ಲಿ.  

ಸ್ವಾತಂತ್ರ್ಯದ ನಂತರ 1951ರ ಪ್ಲಾಂಟೇಷನ್ ಕಾರ್ಮಿಕ ಕಾಯಿದೆ ಮನೆ, ಕುಡಿಯುವ ನೀರು, ಚಿಕಿತ್ಸೆಗಳ ಜೊತೆಗೆ ಮನರಂಜನೆಯ ಸೌಲಭ್ಯವನ್ನೂ ಧಣಿಯ ಹೊಣೆಯೆಂದು ಬರೆಯಿತು. ತೆರಿಗೆಯಲ್ಲಿ ತೋಟದ ದಾರಿ ಬೇರೆ. ಕೃಷಿಯ ಆದಾಯದ ಮೇಲೆ ಕೇಂದ್ರದ ಆದಾಯ ತೆರಿಗೆ ಇಲ್ಲ, ರಾಜ್ಯವು 1957ರ ಕೃಷಿ ಆದಾಯ ತೆರಿಗೆ ಕಾಯಿದೆಯ ಮೂಲಕ ತೆರಿಗೆ ಹಾಕಿತು. ಬೆಳೆಗಾರನೇ ಕಾಫಿಯನ್ನು ಕ್ಯೂರಿಂಗ್ ಮಾಡಿಸಿ ಮಾರಿದರೆ ಬಂದ ಲಾಭದ ಶೇ 25ರಷ್ಟನ್ನು, ಹುರಿದು ಪುಡಿ ಮಾಡಿ ಮಾರಿದರೆ ಶೇ 40ರಷ್ಟನ್ನು ವ್ಯಾಪಾರದ ಆದಾಯವೆಂದು ಎಣಿಸುವ ನಿಯಮ ಮುಂದೆ ಬಂದಿತು. ಆದ್ದರಿಂದ ತೋಟದ ಹಬ್ಬದ ಖರ್ಚಿಗೆ ಕೇಂದ್ರದ ತೆರಿಗೆಯಲ್ಲಿ ಸಿಗುವ ಕಡಿತ ಬೆಳೆಗಾರ ಏನನ್ನು ಮಾರುತ್ತಾನೆ ಎಂಬುದರ ಮೇಲೆ ನಿಂತಿದೆ.

ಇನಾಮು ಹಕ್ಕಾದ ಬಗೆ

ಹಬ್ಬಕ್ಕೆ ಕೊಡುವ ಹಣ ಧಣಿಯ ಮರ್ಜಿಯೋ ದುಡಿಯುವವರ ಹಕ್ಕೋ ಎಂಬ ಪ್ರಶ್ನೆ 20ನೆಯ ಶತಮಾನದಲ್ಲಿ ನ್ಯಾಯಾಲಯಕ್ಕೆ ಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ, 1917ರಲ್ಲಿ, ಮುಂಬಯಿಯ ಬಟ್ಟೆ ಗಿರಣಿಗಳು ಕೂಲಿಯ ಶೇ 10ರಷ್ಟನ್ನು ಯುದ್ಧದ ಬೋನಸ್ ಎಂದು ಕೊಟ್ಟವು. ಕಲ್ಕತ್ತೆಯ ಕಂಪನಿಗಳಲ್ಲಿ ದುರ್ಗಾಪೂಜೆಯ ಬೋನಸ್ ರೂಢಿಯಾಯಿತು. ಗ್ರಹಾಂ ಟ್ರೇಡಿಂಗ್ ಕಂಪನಿಯ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 1959ರಲ್ಲಿ ರೂಢಿಯ ಬೋನಸ್ಸಿಗೆ ಅಳತೆಗೋಲುಗಳನ್ನು ಹೇಳಿತು. ಅದು ಎಡೆಬಿಡದೆ, ಸಾಕಷ್ಟು ಕಾಲದಿಂದ, ಒಂದೇ ಪ್ರಮಾಣದಲ್ಲಿ ಬಂದಿರಬೇಕು. ನಷ್ಟದ ವರ್ಷಗಳಲ್ಲಿಯೂ ಕೊಟ್ಟಿರಬೇಕು.

ಎಂ.ಆರ್. ಮೆಹೆರ್ ಅಧ್ಯಕ್ಷತೆಯ ಬೋನಸ್ ಆಯೋಗದ ವರದಿಯ ನಂತರ 1965ರ ಬೋನಸ್ ಪಾವತಿ ಕಾಯಿದೆ ಬಂದಿತು. 20 ಅಥವಾ ಹೆಚ್ಚು ಜನ ದುಡಿಯುವ ಸಂಸ್ಥೆಗಳಿಗೆ ಅದು ಅನ್ವಯಿಸಿತು. ಕನಿಷ್ಠ ಪ್ರಮಾಣ ಮೊದಲು ಶೇ 4, ಮುಂದೆ ಶೇ 8.33, ಗರಿಷ್ಠ ಶೇ 20. ಶೇ 8.33 ಎಂದರೆ ವರ್ಷದ ಕೂಲಿಯ ಹನ್ನೆರಡನೆಯ ಒಂದು ಭಾಗ, ಸರಿಯಾಗಿ ಒಂದು ತಿಂಗಳ ಸಂಬಳ. ಲೆಕ್ಕದ ವರ್ಷ ಮುಗಿದ ಎಂಟು ತಿಂಗಳೊಳಗೆ ಅದನ್ನು ಕೊಡಬೇಕು. ಮಾರ್ಚ್ 31ಕ್ಕೆ ಲೆಕ್ಕ ಮುಗಿಸುವವರಿಗೆ ಗಡುವು ನವೆಂಬರ್ 30. ದಸರಾ, ದೀಪಾವಳಿ ಎರಡೂ ಈ ಗಡುವಿನೊಳಗೆ ಬರುವುದರಿಂದ ಕಾನೂನಿನ ಬೋನಸ್ ಹಬ್ಬದ ಬೋನಸ್ ಆಗಿಯೇ ಕೈಸೇರುತ್ತದೆ. ಹಬ್ಬಕ್ಕೆ ಮೊದಲೇ ರೂಢಿಯಂತೆ ಕೊಟ್ಟ ಹಣವನ್ನು ಕಾಯಿದೆಯ ಬೋನಸ್ಸಿನಲ್ಲಿ ವಜಾ ಮಾಡಿಕೊಳ್ಳಲು 17ನೆಯ ಕಲಂ ಅವಕಾಶ ಕೊಟ್ಟಿತು. 2015ರ ತಿದ್ದುಪಡಿ ತಿಂಗಳಿಗೆ 21,000 ರೂಪಾಯಿವರೆಗಿನ ಸಂಬಳದವರನ್ನು ಒಳಗೆ ತಂದಿತು. ಬೋನಸ್ಸಿನ ಲೆಕ್ಕಕ್ಕೆ 7,000 ರೂಪಾಯಿ ಅಥವಾ ಕನಿಷ್ಠ ಕೂಲಿ, ಇವೆರಡರಲ್ಲಿ ಹೆಚ್ಚಿನದನ್ನು ಮಿತಿಯಾಗಿ ಇಟ್ಟಿತು.

ಸಣ್ಣ ವ್ಯಾಪಾರಕ್ಕೆ ಹತ್ತಿರವಾದ ತೀರ್ಪು 1976ರದು. ಮುಂಬಯಿಯ ಹಾರ್ಡ್‌ವೇರ್ ಅಂಗಡಿಗಳವರು ವರ್ಷಗಳಿಂದ ಕೊಡುತ್ತಿದ್ದ ಬೋನಸ್ಸನ್ನು 1965ರಲ್ಲಿ ನಿಲ್ಲಿಸಿದ್ದರು. ಕಾಯಿದೆ ಅನ್ವಯವಾಗದಷ್ಟು ಚಿಕ್ಕ ಅಂಗಡಿಗಳು ಅವುಗಳಲ್ಲಿದ್ದವು. ಮುಂಬಯಿ ಕಾಮಗಾರ್ ಸಭಾ ಹೂಡಿದ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರ ತೀರ್ಪು, ಕಾಯಿದೆ ಲಾಭದ ಬೋನಸ್ಸಿಗೆ ಮಾತ್ರ ಸಂಬಂಧಿಸಿದ್ದು, ರೂಢಿಯ ಬೋನಸ್ಸಿಗೆ ಅದು ಅಡ್ಡಿಯಲ್ಲ ಎಂದಿತು. ಬೇಲೂರಿನ ಪೇಟೆಬೀದಿಯಲ್ಲಿ, ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಹೆಚ್ಚಿನ ಧಣಿಗಳ ಬಳಿ ಇಪ್ಪತ್ತು ಜನ ಆಳುಗಳಿರುವುದಿಲ್ಲ. ಮಂಡಿಯ ಹಮಾಲರಿಗೆ ಮೂಟೆಯ ಲೆಕ್ಕದ ಕೂಲಿ. ಇಂಥ ಕಡೆ ಹಬ್ಬದ ಹಣ ನಡೆಯುವುದು ರೂಢಿಯ ಬಲದಿಂದ. ವರ್ಷವರ್ಷವೂ ತಪ್ಪದೆ ಒಂದೇ ಪ್ರಮಾಣದಲ್ಲಿ ಕೊಟ್ಟದ್ದು ಕ್ರಮೇಣ ಹಕ್ಕಿನ ಬಲ ಪಡೆಯಬಲ್ಲದು ಎಂಬುದನ್ನು ಸಣ್ಣ ಧಣಿಯೂ ಅರಿತಿರಬೇಕಾಗುತ್ತದೆ.

ಸರ್ಕಾರದ ಸಂಸ್ಥೆಗಳಲ್ಲಿಯೂ ಹಬ್ಬಕ್ಕೆ ಬಾಬ್ತು ಇದೆ. ಆಯುಧ ಪೂಜೆಗೆ ಬಸ್ಸುಗಳನ್ನು ಅಲಂಕರಿಸಲು ರಾಜ್ಯ ರಸ್ತೆ ಸಾರಿಗೆ ನಿಗಮ ಡಿಪೋಗಳಿಗೆ ಬಸ್ಸೊಂದಕ್ಕೆ ಇಷ್ಟು ಎಂದು ಕೊಡುತ್ತದೆ. ಆ ಮೊತ್ತ 2024ರಲ್ಲಿ 100 ರೂಪಾಯಿಯಿಂದ 250 ರೂಪಾಯಿಗೆ ಏರಿತು. ಚಾಲಕರು, ನಿರ್ವಾಹಕರು, ಮೆಕ್ಯಾನಿಕ್ಕುಗಳು ಕೈಯಿಂದ ಹಣ ಹಾಕಿಕೊಳ್ಳುವುದು ಅಷ್ಟರ ಮಟ್ಟಿಗೆ ತಪ್ಪಿತು.

ದೀಪಾವಳಿಯ ಲೆಕ್ಕ, ಮಾರ್ಚ್ 31ರ ಲೆಕ್ಕ

ವ್ಯಾಪಾರಿಯ ಹಬ್ಬಕ್ಕೂ ಲೆಕ್ಕದ ಪುಸ್ತಕಕ್ಕೂ ಹಳೆಯ ನಂಟು. ದೀಪಾವಳಿಯ ಲಕ್ಷ್ಮೀಪೂಜೆಯಲ್ಲಿ ಹೊಸ ಪುಸ್ತಕಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೊದಲ ಪುಟದಲ್ಲಿ ಶ್ರೀ ಬರೆದು ಬಲಿಪಾಡ್ಯಮಿಯಿಂದ ಲೆಕ್ಕ ತೆರೆಯುವುದು ರೂಢಿ. ಆದಾಯ ತೆರಿಗೆಯ ಕಾನೂನೂ ಬಹುಕಾಲ ಇದನ್ನು ಒಪ್ಪಿತ್ತು. ವ್ಯಾಪಾರಿ ತನ್ನ ಲೆಕ್ಕದ ವರ್ಷವನ್ನು ತಾನೇ ಆರಿಸಿಕೊಳ್ಳಬಹುದಿತ್ತು. ಹಳೆಯ ಲೆಕ್ಕ ಮುಗಿಯುವ ಹೊತ್ತಿಗೆ ವರ್ಷದ ಲಾಭ ತಿಳಿಯುತ್ತದೆ, ಅದರಲ್ಲಿ ಅಂಗಡಿಯ ಹುಡುಗರಿಗೆ ಎಷ್ಟು ಕೊಡಬಹುದೆಂದು ಗೊತ್ತಾಗುತ್ತದೆ. 1989ರ ಏಪ್ರಿಲ್ 1ರಿಂದ ಎಲ್ಲರಿಗೂ ಮಾರ್ಚ್ 31ಕ್ಕೆ ಮುಗಿಯುವ ಒಂದೇ ವರ್ಷ ಕಡ್ಡಾಯವಾಯಿತು. ಪೂಜೆ ಹಳೆಯ ದಿನದಲ್ಲೇ ಉಳಿಯಿತು, ಲೆಕ್ಕ ಬೇರೆ ದಿನಕ್ಕೆ ಹೋಯಿತು. ಅಂದಿನಿಂದ ಹಬ್ಬದ ಖರ್ಚು ವರ್ಷದ ನಡುವೆ ಬೀಳುವ ಖರ್ಚು. ಲಾಭ ನೋಡಿ ಕೊಡುತ್ತಿದ್ದುದನ್ನು ಲಾಭ ಅಂದಾಜು ಮಾಡಿ ಮೊದಲೇ ಎತ್ತಿಡಬೇಕಾಯಿತು.

ಮೈಸೂರು ಸಂಸ್ಥಾನಕ್ಕೆ ತನ್ನದೇ ಆದಾಯ ತೆರಿಗೆ ಕಾನೂನು ಇತ್ತು. 1950ರ ಏಪ್ರಿಲ್ 1ರಿಂದ ಕೇಂದ್ರದ 1922ರ ಕಾಯಿದೆ ಇಲ್ಲಿಗೂ ಬಂದಿತು, ಅದರ ಜಾಗಕ್ಕೆ 1961ರ ಕಾಯಿದೆ ಬಂದಿತು. ಎರಡರಲ್ಲಿಯೂ ಮೂಲ ತತ್ವ ಒಂದೇ: ಪೂರ್ತಿಯಾಗಿ ವ್ಯಾಪಾರಕ್ಕಾಗಿಯೇ ಮಾಡಿದ ಖರ್ಚನ್ನು ಲಾಭದಿಂದ ಕಳೆಯಬಹುದು, ಸ್ವಂತದ ಖರ್ಚನ್ನು ಕಳೆಯುವಂತಿಲ್ಲ. 1961ರ ಕಾಯಿದೆಯಲ್ಲಿ ಇದು 37ನೆಯ ಕಲಂ. ಬೋನಸ್ಸಿಗೆ 36ನೆಯ ಕಲಮಿನಲ್ಲಿ ಪ್ರತ್ಯೇಕ ಜಾಗವಿದೆ. ಅಂಗಡಿಯ ಆಯುಧ ಪೂಜೆಯಲ್ಲಿ ಆಳುಗಳಿಗೆ ಹಂಚಿದ ಸಿಹಿ ವ್ಯಾಪಾರದ ಖರ್ಚು. ಮನೆಯ ವರಮಹಾಲಕ್ಷ್ಮಿ ಹಬ್ಬದ ಊಟಕ್ಕೆ ಆಳುಗಳನ್ನು ಕರೆದರೂ ಅದು ಮನೆಯ ಖರ್ಚೇ.

ಕೇಂದ್ರ ನೇರ ತೆರಿಗೆ ಮಂಡಳಿ 1968ರ ಅಕ್ಟೋಬರ್ 3ರ ಸುತ್ತೋಲೆಯಲ್ಲಿ ದೀಪಾವಳಿ ಮತ್ತು ಮುಹೂರ್ತದ ಖರ್ಚು ಜಾಹೀರಾತಿನ ಸ್ವರೂಪದ್ದೆಂದೂ, ವೈಯಕ್ತಿಕ, ಸಾಮಾಜಿಕ ಅಥವಾ ಧಾರ್ಮಿಕ ಸ್ವರೂಪದ್ದಲ್ಲವೆಂದು ಅಧಿಕಾರಿಗೆ ಮನವರಿಕೆಯಾದರೆ ಕಡಿತ ಕೊಡಬಹುದೆಂದೂ ಹೇಳಿತು. ಅತಿಥಿ ಸತ್ಕಾರದ ಖರ್ಚಿನ ಮೇಲೆ ಬಿಗಿ ಮಿತಿ ಇದ್ದ ದಿನಗಳಲ್ಲಿಯೂ ಕೆಲಸದ ಜಾಗದಲ್ಲಿ ನೌಕರರಿಗೆ ಕೊಟ್ಟ ಊಟ ತಿಂಡಿಯನ್ನು ಆ ಮಿತಿಯ ಹೊರಗಿಟ್ಟರು. ಗಿರಾಕಿಗೆ ಬಡಿಸಿದ ಊಟವನ್ನು ಅನುಮಾನದಿಂದ ನೋಡಿದ ಕಾನೂನು ಆಳಿಗೆ ಬಡಿಸಿದ ಊಟವನ್ನು ಒಪ್ಪಿಕೊಂಡಿತು. ಇದು ಗಮನಿಸಬೇಕಾದ ಸಂಗತಿ.

ಈ ಔದಾರ್ಯಕ್ಕೆ ಒಂದು ತಡೆ ಬಂದದ್ದು 2005ರಲ್ಲಿ. ಆ ವರ್ಷದ ಹಣಕಾಸು ಕಾಯಿದೆ ಫ್ರಿಂಜ್ ಬೆನಿಫಿಟ್ ತೆರಿಗೆಯನ್ನು ತಂದಿತು. ನೌಕರರಿಗೆ ಸಂಬಳದ ಹೊರಗೆ ಸಿಗುವ ಸುಖಗಳ ಮೇಲೆ ಧಣಿಯೇ ತೆರಿಗೆ ಕಟ್ಟಬೇಕೆಂಬುದು ಅದರ ತತ್ವ. ಪಟ್ಟಿಯಲ್ಲಿ ಹಬ್ಬದ ಆಚರಣೆ ಎಂಬ ಬಾಬ್ತು ಹೆಸರು ಹಿಡಿದೇ ಇತ್ತು. ನೌಕರರ ಕಲ್ಯಾಣದ ಖರ್ಚಿನಲ್ಲಿ ಶೇ 20ರಷ್ಟನ್ನು ಸುಖವೆಂದು ಎಣಿಸಿದರೆ, ಹಬ್ಬ ಮತ್ತು ಉಡುಗೊರೆಯ ಖರ್ಚಿನಲ್ಲಿ ಶೇ 50ರಷ್ಟನ್ನು ಹಾಗೆ ಎಣಿಸಿದರು. ಅದರ ಮೇಲೆ ತೆರಿಗೆ ಶೇ 30. ದಸರೆಗೆ 10,000 ರೂಪಾಯಿ ಖರ್ಚು ಮಾಡಿದ ಪಾಲುದಾರಿಕೆಯ ಅಂಗಡಿ 5,000ಕ್ಕೆ 1,500 ರೂಪಾಯಿ ತೆರಿಗೆ ಕಟ್ಟಬೇಕಿತ್ತು, ಮೇಲೆ ಸೆಸ್ ಬೇರೆ. ಒಬ್ಬನ ಸ್ವಂತ ಹೆಸರಿನ ಅಂಗಡಿಗೂ ಅವಿಭಕ್ತ ಕುಟುಂಬದ ವ್ಯಾಪಾರಕ್ಕೂ ಈ ತೆರಿಗೆ ತಗಲಲಿಲ್ಲ. ಸಣ್ಣ ಊರುಗಳ ಹೆಚ್ಚಿನ ಅಂಗಡಿಗಳು ಅದರಿಂದ ಪಾರಾದವು. 2009ರಲ್ಲಿ ತೆರಿಗೆಯೇ ರದ್ದಾಯಿತು.

ಬ್ರಿಟನ್ನಿನ ಪದ್ಧತಿ ಇದಕ್ಕಿಂತ ಬೇರೆ. ಕ್ರಿಸ್‌ಮಸ್ ಕೂಟದಂಥ ವಾರ್ಷಿಕ ಸಮಾರಂಭಕ್ಕೆ ಅಲ್ಲಿ ತಲೆಗೆ 150 ಪೌಂಡ್ ಎಂಬ ಮಿತಿ ಇದೆ. 2003ಕ್ಕೆ ಮೊದಲು ಅದು 75 ಪೌಂಡ್ ಇತ್ತು. ಕೂಟ ನೌಕರರೆಲ್ಲರಿಗೂ ತೆರೆದಿರಬೇಕು. ಮಿತಿಯನ್ನು ಒಂದು ಪೌಂಡ್ ಮೀರಿದರೂ ಪೂರ್ತಿ ಮೊತ್ತ ನೌಕರನ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಭಾರತದಲ್ಲಿ ತಲೆಲೆಕ್ಕದ ಇಂಥ ಮಿತಿ ಇಲ್ಲ. ಹಬ್ಬ ದೀಪಾವಳಿಯೋ ರಂಜಾನೋ ಕ್ರಿಸ್‌ಮಸ್ಸೋ ಎಂದು ಕಾನೂನು ಕೇಳುವುದಿಲ್ಲ. ವ್ಯಾಪಾರಕ್ಕಾಗಿ ಆದ ಖರ್ಚೇ, ಅದಕ್ಕೆ ದಾಖಲೆ ಇದೆಯೇ ಎಂದು ಮಾತ್ರ ಕೇಳುತ್ತದೆ. ನೌಕರನ ಕಡೆಯಿಂದ ನೋಡಿದರೆ 1962ರ ಆದಾಯ ತೆರಿಗೆ ನಿಯಮಗಳು ವರ್ಷಕ್ಕೆ 5,000 ರೂಪಾಯಿಗಿಂತ ಕಡಿಮೆ ಬೆಲೆಯ ವಸ್ತುರೂಪದ ಉಡುಗೊರೆಯನ್ನು ತೆರಿಗೆಯಿಂದ ಹೊರಗಿಟ್ಟವು. 2017ರಲ್ಲಿ ಬಂದ ಜಿಎಸ್‌ಟಿ ಒಬ್ಬ ನೌಕರನಿಗೆ ವರ್ಷಕ್ಕೆ 50,000 ರೂಪಾಯಿವರೆಗಿನ ಉಡುಗೊರೆಯನ್ನು ಸರಬರಾಜು ಎಂದು ಎಣಿಸುವುದಿಲ್ಲ. ಆದರೆ ಹಬ್ಬದ ಅಡುಗೆ ಗುತ್ತಿಗೆಯ ಮೇಲೆ ಕಟ್ಟಿದ ಜಿಎಸ್‌ಟಿಯನ್ನು ಸಾಮಾನ್ಯವಾಗಿ ಹಿಂದಕ್ಕೆ ಪಡೆಯಲು ಬಿಡುವುದಿಲ್ಲ.

ಸಣ್ಣ ಧಣಿಯ ಹಬ್ಬದ ಬಾಬ್ತು

ಈ ನಿಯಮಗಳು ಒಟ್ಟಾಗಿ ಹೇಗೆ ಕೆಲಸ ಮಾಡುತ್ತವೆ ಎಂಬುದಕ್ಕೆ ಎಂಟು ಜನ ದುಡಿಯುವ ಒಂದು ಹೋಟೆಲನ್ನು ಊಹಿಸಬಹುದು. ತಲಾ 15,000 ರೂಪಾಯಿಯಂತೆ ತಿಂಗಳ ಸಂಬಳ 1,20,000. ರೂಢಿಯಂತೆ ಹಬ್ಬಕ್ಕೆ ಒಂದು ತಿಂಗಳ ಸಂಬಳ ಕೊಟ್ಟರೆ 1,20,000. ಮನೆಯವರೂ ಸೇರಿ 32 ಜನರಿಗೆ ತಲಾ 250 ರೂಪಾಯಿಯ ಊಟ 8,000. ತಲಾ 500 ರೂಪಾಯಿಯ ಸಿಹಿಯ ಡಬ್ಬಿ 4,000. ಒಟ್ಟು 1,32,000. ದಸರೆಯ ತಿಂಗಳಲ್ಲಿ ಇದನ್ನು ಒಮ್ಮೆಗೇ ಹೊಂದಿಸುವುದು ಸಣ್ಣ ಹೋಟೆಲಿಗೆ ಕಷ್ಟ. ತಿಂಗಳಿಗೆ 11,000 ರೂಪಾಯಿಯಂತೆ ಎತ್ತಿಟ್ಟರೆ ಸಾಲ ಮಾಡಬೇಕಾಗುವುದಿಲ್ಲ. ಸಂಬಳ ಹೆಚ್ಚಿಸಿದಾಗ ಈ ಅಂಕಿಯನ್ನೂ ಹೆಚ್ಚಿಸಬೇಕು.

ಲೆಕ್ಕಪುಸ್ತಕ ಇಟ್ಟು ತೆರಿಗೆ ಕಟ್ಟುವವನಿಗೆ ಈ ಮೊತ್ತ ಲಾಭದಿಂದ ಕಳೆಯುತ್ತದೆ. ಅದಕ್ಕೆ ಮೂರು ಎಚ್ಚರಿಕೆಗಳಿವೆ. ಬೋನಸ್ಸನ್ನು ಬರೆದಿಟ್ಟರೆ ಸಾಲದು, ರಿಟರ್ನ್ ಸಲ್ಲಿಸುವ ಗಡುವಿನೊಳಗೆ ನಿಜವಾಗಿ ಕೊಟ್ಟಿರಬೇಕು. 1961ರ ಕಾಯಿದೆಯಲ್ಲಿ ಇದು 43ಬಿ ಕಲಂ. ಒಬ್ಬನಿಗೆ ಒಂದೇ ದಿನ 10,000 ರೂಪಾಯಿಗಿಂತ ಹೆಚ್ಚನ್ನು ನಗದಾಗಿ ಕೊಟ್ಟರೆ ಆ ಖರ್ಚಿಗೆ ಕಡಿತ ಇಲ್ಲ. ಅಡುಗೆಯವರಿಗೂ ಬೋನಸ್ಸಿಗೂ ಬ್ಯಾಂಕಿನ ಮೂಲಕ ಕೊಡುವುದೇ ಸುರಕ್ಷಿತ. ರಸೀದಿ, ಸಹಿ ಮಾಡಿಸಿದ ಹಂಚಿಕೆ ಪಟ್ಟಿ ಜೊತೆಗಿರಬೇಕು. ವಹಿವಾಟಿನ ಶೇ 8ರಷ್ಟನ್ನು, ಬ್ಯಾಂಕಿನ ಮೂಲಕ ಬಂದದ್ದಾದರೆ ಶೇ 6ರಷ್ಟನ್ನು, ಲಾಭವೆಂದು ಒಪ್ಪಿಕೊಂಡು ತೆರಿಗೆ ಕಟ್ಟುವ ಸರಳ ದಾರಿ ಹಿಡಿದವನಿಗೆ ಹಬ್ಬದ ಖರ್ಚಿಗೆ ಬೇರೆ ಕಡಿತ ಇಲ್ಲ. ಖರ್ಚೆಲ್ಲ ಆ ಪ್ರಮಾಣದೊಳಗೇ ಸೇರಿದೆ ಎಂದು ಕಾನೂನು ಭಾವಿಸುತ್ತದೆ. ಬೇಲೂರು, ಹಳೇಬೀಡುಗಳ ಸಣ್ಣ ಅಂಗಡಿಗೂ ಹೋಟೆಲಿಗೂ ಇವೆರಡರಲ್ಲಿ ಯಾವ ದಾರಿ ಒಳ್ಳೆಯದೆಂಬ ಲೆಕ್ಕದಲ್ಲಿ ಸಿಬ್ಬಂದಿಯ ಸಂಬಳ ಬೋನಸ್ಸುಗಳೇ ದೊಡ್ಡ ಅಂಕಿ.

ಹೊಯ್ಸಳರ ದೇವಾಲಯಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿವೆ. ಅವನ್ನು ನೋಡಲು ಬರುವವರನ್ನು ನೆಚ್ಚಿದ ಹೋಟೆಲು, ವಸತಿಗೃಹ, ವಾಹನ, ಅಂಗಡಿಗಳಲ್ಲಿ ದುಡಿಯುವವರಿಗೆ ಶಾಲೆಯ ರಜೆ ಮತ್ತು ಹಬ್ಬದ ದಿನಗಳೇ ಹೆಚ್ಚು ಕೆಲಸದ ದಿನಗಳು. ಊರಿನವರೆಲ್ಲ ಹಬ್ಬ ಮಾಡುವಾಗ ದುಡಿದವರಿಗೆ ಬೇರೊಂದು ದಿನ ಹಬ್ಬ ಮಾಡಿಕೊಡುವುದು ಧಣಿಯ ಕರ್ತವ್ಯ. ಅದಕ್ಕೆ ತಗಲುವ ಹಣ ವ್ಯಾಪಾರದ ನ್ಯಾಯವಾದ ಖರ್ಚು.

ಕಾನೂನಿನ ಚೌಕಟ್ಟು ಈಗ ಮತ್ತೆ ಬದಲಾಗಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದು ಬೋನಸ್ ಕಾಯಿದೆಯ ಜಾಗವನ್ನು ಹಿಡಿದಿದೆ. ಶೇ 8.33 ಮತ್ತು ಶೇ 20ರ ಪ್ರಮಾಣಗಳನ್ನೂ 20 ಜನರ ಮಿತಿಯನ್ನೂ ಅದು ಉಳಿಸಿಕೊಂಡಿದೆ. 2025ರ ಆದಾಯ ತೆರಿಗೆ ಕಾಯಿದೆ 2026ರ ಏಪ್ರಿಲ್ 1ರಿಂದ 1961ರ ಕಾಯಿದೆಯ ಬದಲಿಗೆ ಬರುವಂತೆ ರೂಪುಗೊಂಡಿತು. ಕಲಮುಗಳ ಸಂಖ್ಯೆ ಬದಲಾದರೂ ಪೂರ್ತಿಯಾಗಿ ವ್ಯಾಪಾರಕ್ಕಾಗಿಯೇ ಆದ ಖರ್ಚಿಗೆ ಕಡಿತ ಎಂಬ ತತ್ವ ಅದರಲ್ಲಿಯೂ ಇದೆ. ಚೈತ್ರಪವಿತ್ರಕ್ಕೆ ಬಿಟ್ಟ ಗದ್ಯಾಣಕ್ಕೂ ದಸರೆಯ ಬೋನಸ್ಸಿಗೆ ಸಿಗುವ ಕಡಿತಕ್ಕೂ ಆಧಾರ ಒಂದೇ. ದುಡಿಯುವವರ ಹಬ್ಬ ದುಡಿಮೆಯ ಖರ್ಚಿನ ಭಾಗವೆಂದು ಆಳುವವರು ಒಪ್ಪಿದ್ದಾರೆ. ಉದ್ದೇಶ, ಮಿತಿ, ಬರಹ ಮೂರೂ ಇದ್ದ ಕಡೆ ಮಾತ್ರ ತೆರಿಗೆಯನ್ನು ಬಿಟ್ಟಿದ್ದಾರೆ.